ಅಟ್ಟದಲ್ಲಿ ಸಿಕ್ಕ ಫಿಲ್ಮ್ ರೀಲನ್ನು ಉಳಿಸಿಕೊಳ್ಳುವುದು ಹೇಗೆ?

ಸಕಲೇಶಪುರ, ಮೂಡಿಗೆರೆ ಕಡೆಯ ಹಳೆಯ ತೋಟದ ಮನೆಗಳ ಅಟ್ಟಗಳಲ್ಲಿ, ಹಾಸನದ ಸುತ್ತ ಟೂರಿಂಗ್ ಟಾಕೀಸ್ ನಡೆಸುತ್ತಿದ್ದವರ ಕೋಣೆಗಳಲ್ಲಿ ಈಗಲೂ ಆಗೊಮ್ಮೆ ಈಗೊಮ್ಮೆ ಫಿಲ್ಮ್ ರೀಲುಗಳು ಸಿಗುವುದುಂಟು. ಸಿಕ್ಕ ಕೂಡಲೇ ಮನೆಯವರು ಎಲ್ಲಿಂದಲೋ ಪ್ರೊಜೆಕ್ಟರ್ ತಂದು ಓಡಿಸಿ ನೋಡುತ್ತಾರೆ; ಎಷ್ಟೋ ರೀಲುಗಳು ಹರಿದು ಹಾಳಾಗುವುದು ಅಲ್ಲಿಯೇ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆದ್ದರಿಂದ ಡಬ್ಬಿಯಲ್ಲಿ ಇರುವುದು ಏನೆಂದು ತಿಳಿಯುವವರೆಗೆ ಅದು ಇನ್ನೆಲ್ಲಿಯೂ ಇಲ್ಲದ ಪ್ರತಿಯೆಂದೇ ಭಾವಿಸಿ ನಡೆದುಕೊಳ್ಳಬೇಕು.

ಮೊದಲು ಫಿಲ್ಮಿನ ಅಗಲವನ್ನು ಅಳೆಯಿರಿ. 8 ಅಥವಾ 16 ಎಂ.ಎಂ. ಆಗಿದ್ದರೆ ಬೆಂಕಿಯ ಭಯವಿಲ್ಲ. 35 ಎಂ.ಎಂ. ಆಗಿದ್ದು, 1950ರ ದಶಕದ ಆರಂಭಕ್ಕಿಂತ ಹಳೆಯದಾಗಿದ್ದರೆ ಅದು ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್ ಆಗಿರಬಹುದು. ಒಮ್ಮೆ ಹೊತ್ತಿಕೊಂಡರೆ ಅದು ನೀರಿನೊಳಗೂ ಉರಿಯುತ್ತದೆ. ಅಂಚಿನಲ್ಲಿ ‘ಸೇಫ್ಟಿ’, ಅಂದರೆ ನೈಟ್ರೇಟ್ ಅಲ್ಲದ ಸುರಕ್ಷಿತ ಫಿಲ್ಮ್, ಎಂಬ ಇಂಗ್ಲಿಷ್ ಅಕ್ಷರಗಳಿವೆಯೇ ನೋಡಿ. ಮೂಲ ನೆಗೆಟಿವ್‌ನ ಅಂಚಿನ ಬರಹವೂ ಪ್ರಿಂಟಿನಲ್ಲಿ ಮೂಡಿರಬಹುದಾದ್ದರಿಂದ ಇದೊಂದನ್ನೇ ನಂಬಲಾಗದು. ತುದಿಯನ್ನು ಕತ್ತರಿಸಿ ಕಡ್ಡಿ ಗೀರಿ ಪರೀಕ್ಷಿಸುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ಅನುಮಾನವಿದ್ದರೆ ಡಬ್ಬಿಯನ್ನು ಮನೆಯಿಂದ ದೂರ, ನೆರಳಿನಲ್ಲಿ, ಗಾಳಿಯಾಡುವ ಕಡೆ ಇರಿಸಿ ಚಲನಚಿತ್ರ ಸಂಗ್ರಹಾಗಾರಕ್ಕೆ (ಹೆಸರುಗಳು ಕೊನೆಯಲ್ಲಿವೆ) ತಿಳಿಸಿ. ಬಸ್ಸಿನ ಪಾರ್ಸೆಲ್‌ನಲ್ಲಿ ಕಳುಹಿಸಬೇಡಿ.

ಇನ್ನು ನಿಜವಾದ ಕಷ್ಟದ ಹಂತ, ಅಂದರೆ ರೀಲನ್ನು ಬಿಚ್ಚಿ ಪರೀಕ್ಷಿಸುವುದು. ಮಲೆನಾಡಿನಲ್ಲಿ ಈ ಕೆಲಸವನ್ನು ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಮಾಡುವುದೇ ಸರಿ, ಏಕೆಂದರೆ ಚಿತ್ರವನ್ನು ಹಿಡಿದಿರುವ ಲೇಪ ಜೆಲಟಿನ್‌ನದು. ಮಳೆಗಾಲದ ತೇವವನ್ನು ಹೀರಿ ಅದು ಮೆತ್ತಗಾಗುತ್ತದೆ, ಬೂಷ್ಟಿಗೆ ಆಹಾರವೂ ಆಗುತ್ತದೆ. ಹಾಗೆಂದು ತೇವ ಆರಲಿ ಎಂದು ರೀಲನ್ನು ಕಾಫಿ ಬೀಜದಂತೆ ಕಣದ ಬಿಸಿಲಿಗೆ ಹರಡಿದರೆ ಫಿಲ್ಮ್ ಸುರುಟಿಕೊಂಡು ಮತ್ತೆ ನೆಟ್ಟಗಾಗುವುದಿಲ್ಲ. ಡಬ್ಬಿ ತೆರೆದಾಗ ವಿನೆಗರ್‌ನ ಹುಳಿ ಘಾಟು ಬಂದರೆ ಅಸಿಟೇಟ್ ಫಿಲ್ಮ್ (‘ಸೇಫ್ಟಿ’ ಫಿಲ್ಮಿನ ಒಂದು ಬಗೆ) ಕೊಳೆಯತೊಡಗಿದೆ ಎಂದರ್ಥ. ಹೊರಬರುವ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ವೇಗಗೊಳಿಸುವುದರಿಂದ ಅದು ತಾನಾಗಿ ನಿಲ್ಲುವುದಿಲ್ಲ; ಪಕ್ಕದ ರೀಲುಗಳಿಗೂ ತಗಲುತ್ತದೆ. ಅಂಥದನ್ನು ಅಂದೇ ಬೇರ್ಪಡಿಸಿ.

ಬೂಷ್ಟು ಹಸಿಯಾಗಿದ್ದರೆ ಮುಟ್ಟಬೇಡಿ. ಒರೆಸಿದರೆ ಲೇಪವೇ ಕಿತ್ತು ಬರುತ್ತದೆ. ತೇವವಿಲ್ಲದ ಕೋಣೆಯಲ್ಲಿ ಕೆಲವು ದಿನ ಇಟ್ಟು, ಅದು ಪುಡಿಯಾದ ಮೇಲೆ, ಮೂಗಿಗೆ ಮಾಸ್ಕ್ ಧರಿಸಿ, ಎಳೆ ಬಿಡದ ಮೃದು ಬಟ್ಟೆಯಿಂದ ಮೆಲ್ಲಗೆ ತೆಗೆಯಬೇಕು. ಹೊಳೆಯುವ ಬದಿ ಲೇಪವನ್ನು ಹೊತ್ತಿರುವ ಪಟ್ಟಿ, ಮಂಕಾದ ಬದಿ ಲೇಪ. ಮಂಕು ಬದಿಗೆ ನೀರು ಸೋಕಲೇಬಾರದು. ಔಷಧಿ ಅಂಗಡಿಯ ಸ್ಯಾನಿಟೈಸರ್‌ನಲ್ಲಿಯೂ ನೀರಿರುತ್ತದೆ ಎಂಬುದನ್ನು ಮರೆತು ಅದರಿಂದ ಒರೆಸಬೇಡಿ.

ಸುರುಳಿಯನ್ನು ಎರಡು ಕಡೆ ಹಿಡಿಕೆಯುಳ್ಳ ಕೈ ರಿವೈಂಡರ್‌ನಲ್ಲಿ, ಅಂಚನ್ನು ಮಾತ್ರ ಹಿಡಿದು, ನಿಧಾನವಾಗಿ ಸುತ್ತಿ. ಪದರಗಳು ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಎಳೆದು ಬಿಡಿಸುವುದು ನಿಮ್ಮ ಕೆಲಸವಲ್ಲ, ಪ್ರಯೋಗಾಲಯದ್ದು. ಕುಗ್ಗಿದೆಯೇ ಎಂದು ತಿಳಿಯಲು 16 ಎಂ.ಎಂ. ಫಿಲ್ಮಿನ ನೂರು ಚೌಕಟ್ಟುಗಳ (ಫ್ರೇಮ್‌ಗಳ) ಉದ್ದವನ್ನು ಉಕ್ಕಿನ ಅಳತೆಪಟ್ಟಿಯಿಂದ ಅಳೆಯಿರಿ. ಅದು ಸುಮಾರು 762 ಮಿ.ಮೀ. ಇರಬೇಕು. ಏಳೆಂಟು ಮಿ.ಮೀ. ಕಡಿಮೆಯಾಗಿದ್ದರೆ ಶೇಕಡಾ ಒಂದರಷ್ಟು ಕುಗ್ಗಿದೆ ಎಂದಾಯಿತು. ಅಂಥ ಫಿಲ್ಮನ್ನು ಪ್ರೊಜೆಕ್ಟರ್‌ಗೆ ಹಾಕಿದರೆ ಹಲ್ಲುಗಳು ರಂಧ್ರಗಳನ್ನು ಹರಿದುಹಾಕುತ್ತವೆ. ಅಷ್ಟು ಕುಗ್ಗದಿದ್ದರೂ ಮೂಲ ಪ್ರತಿಯನ್ನು ಓಡಿಸಬಾರದೆಂಬುದೇ ನನ್ನ ಖಚಿತ ನಿಲುವು.

ಹರಿದ ಕಡೆ ಸೆಲ್ಲೋ ಟೇಪ್ ಹಚ್ಚಬೇಡಿ. ಅದರ ಅಂಟು ಒಸರಿ ಮುಂದಿನ ಸುತ್ತಿಗೂ ಮೆತ್ತಿಕೊಳ್ಳುತ್ತದೆ. ಫಿಲ್ಮ್ ಜೋಡಣೆಗೆಂದೇ ತಯಾರಾದ ಟೇಪ್ ಸಿಗದಿದ್ದರೆ ಹರಿದದ್ದು ಹಾಗೆಯೇ ಇರಲಿ.

ಸಂಗ್ರಹಿಸುವ ವಿಧಾನ ಸರಳ. ತುಕ್ಕು ಹಿಡಿದ ತಗಡಿನ ಡಬ್ಬಿಯನ್ನು ಬಿಟ್ಟು, ಗಾಳಿಯಾಡುವ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ರೀಲನ್ನು ಅಡ್ಡಲಾಗಿ ಮಲಗಿಸಿ, ತಂಪಾದ, ತೇವಾಂಶ ಶೇಕಡಾ 30ರಿಂದ 50ರೊಳಗಿರುವ ಕೋಣೆಯಲ್ಲಿ ಇಡಬೇಕು. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಅಲ್ಲಿನ ಶಾಖ ಮತ್ತು ಹೊಗೆ ಎರಡೂ ಶತ್ರುಗಳೇ. ನುಸಿಗುಳಿಗೆಯನ್ನೂ ಡಬ್ಬಿಯೊಳಗೆ ಹಾಕಬೇಡಿ.

ಡಿಜಿಟಲ್ ಪ್ರತಿ ಮಾಡಿಸಿದ ಮೇಲೆ ರೀಲನ್ನು ಎಸೆಯುವವರಿದ್ದಾರೆ. ಗೋಡೆಯ ಮೇಲೆ ಬಿಂಬಿಸಿ ಫೋನಿನಲ್ಲಿ ಚಿತ್ರೀಕರಿಸಿದ್ದನ್ನು ಪ್ರತಿ ಎಂದು ಕರೆಯುವುದೇ ತಪ್ಪು. ಒಂದೊಂದು ಚೌಕಟ್ಟನ್ನೂ ಪ್ರತ್ಯೇಕವಾಗಿ ಸ್ಕ್ಯಾನ್ ಮಾಡಿಸಿ, ಕಡತವನ್ನು ಎರಡು ಕಡೆ ಇಟ್ಟರೂ ಮೂಲ ಫಿಲ್ಮ್ ಇರಲೇಬೇಕು. ಹಾರ್ಡ್ ಡಿಸ್ಕ್ ಕೆಲವೇ ವರ್ಷಗಳಲ್ಲಿ ಕೈಕೊಡಬಹುದು.

1964ರಲ್ಲಿ ಸ್ಥಾಪನೆಯಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ, ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇಂಥ ಕೆಲಸದಲ್ಲಿ ತೊಡಗಿರುವ ಸಂಸ್ಥೆಗಳು. ರೀಲನ್ನು ಒಪ್ಪಿಸಿದ ಮಾತ್ರಕ್ಕೆ ಹಕ್ಕುಸ್ವಾಮ್ಯ ಕೈಬಿಟ್ಟುಹೋಗುವುದಿಲ್ಲ. ಹಕ್ಕಿನ ವರ್ಗಾವಣೆಗೆ ಲಿಖಿತ ಒಪ್ಪಂದ ಬೇಕು. ಬರೆದುಕೊಡುವ ಕಾಗದವನ್ನು ಓದಿ ಸಹಿ ಹಾಕಿ. ಹಳೆಯ ಡಬ್ಬಿಯ ಮೇಲಿನ ಚೀಟಿ, ಗೀಚಿದ ಅಂಕಿ, ಊರಿನ ಹೆಸರು ಎಲ್ಲದರ ಫೋಟೊ ತೆಗೆದಿಟ್ಟುಕೊಂಡು, ತೆರೆಯ ಮೇಲೆ ಕಾಣುವವರು ಯಾರೆಂದು ಮನೆಯ ಹಿರಿಯರನ್ನು ಕೇಳಿ ಬರೆದು, ಆ ಪಟ್ಟಿಯನ್ನೂ ರೀಲಿನ ಜೊತೆಗೇ ಕೊಡಿ.