ಭಾನುವಾರದ ವಾಚನ ಗುರುವಾರವೇ ಮನೆಯಲ್ಲಿ

ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಬಂದು ಇಡ್ಲಿಯ ಮುಂದೆ ಕುಳಿತಿದ್ದೆವು. ‘ಇವತ್ತು ಮೊದಲನೆಯ ವಾಚನ ಯಾವುದಿತ್ತು?’ ಎಂದು ಅತ್ತೆ ಕೇಳಿದರು. ಮಾವ ಚಟ್ನಿಯ ಬಟ್ಟಲಿಗೆ ಕೈ ಹಾಕಿದರು. ನನ್ನ ಗಂಡ ಮಗಳ ಮುಖ ನೋಡಿದರು, ಮಗಳು ನನ್ನ ಮುಖ ನೋಡಿದಳು. ಒಂದು ಗಂಟೆಯ ಹಿಂದೆ ಕೇಳಿದ್ದು ಯಾರಿಗೂ ನೆನಪಿರಲಿಲ್ಲ. ಕೇಳಿದ ಅತ್ತೆಗೂ ಇರಲಿಲ್ಲ.

ಭಕ್ತಿ ಸಾಲದು ಎಂದು ನಮ್ಮನ್ನು ನಾವು ಬೈದುಕೊಳ್ಳಬಹುದಿತ್ತು. ಆದರೆ ಬೈಬಲಿನ ಕಥೆಯ ನಡುವಿನಿಂದ ಎತ್ತಿಕೊಂಡ ನಾಲ್ಕು ವಚನಗಳನ್ನು ಹಿಂದುಮುಂದು ಗೊತ್ತಿಲ್ಲದೆ ಒಮ್ಮೆ ಕೇಳಿದರೆ ಯಾರ ತಲೆಯಲ್ಲಿ ನಿಲ್ಲುತ್ತದೆ? ಅಂದಿನಿಂದ ನಾವು ಮುಂದಿನ ಭಾನುವಾರದ ವಾಚನಗಳನ್ನು ಮೊದಲೇ ಮನೆಯಲ್ಲಿ ಓದತೊಡಗಿದೆವು. ಶನಿವಾರ ಇಟ್ಟುಕೊಂಡಾಗ ಒಂದು ವಾರವೂ ನಡೆಯಲಿಲ್ಲ. ಈಗ ಗುರುವಾರ, ರಾತ್ರಿಯ ಊಟವಾದ ಮೇಲೆ, ಅರ್ಧ ಗಂಟೆ.

ಯಾವ ವಾಚನ ಎಂದು ತಿಳಿಯುವುದು

ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್) ಸಭೆಗಳಿಗೆ ಅವರದೇ ವಾಚನಪಟ್ಟಿ ಇದೆ. ಇಲ್ಲಿ ಹೇಳುತ್ತಿರುವುದು ಕಥೋಲಿಕ ಪಟ್ಟಿಯ ಬಗ್ಗೆ. ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ಬಂದ ಈ ಪಟ್ಟಿ ಮೂರು ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತದೆ. ಯೇಸುವಿನ ಬದುಕನ್ನು ಹೇಳುವ ಶುಭಸಂದೇಶಗಳಲ್ಲಿ ‘ಎ’ ವರ್ಷದಲ್ಲಿ ಹೆಚ್ಚಾಗಿ ಮತ್ತಾಯ, ‘ಬಿ’ ವರ್ಷದಲ್ಲಿ ಮಾರ್ಕ, ‘ಸಿ’ ವರ್ಷದಲ್ಲಿ ಲೂಕ. ಯೊವಾನ್ನನಿಗೆ ಪ್ರತ್ಯೇಕ ವರ್ಷವಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮತ್ತು ಈಸ್ಟರ್‌ನಿಂದ ಶುರುವಾಗುವ ಪಾಸ್ಕ ಕಾಲದಲ್ಲಿ ಅವನು ಹೆಚ್ಚು ಕೇಳಿಸುತ್ತಾನೆ. ಮಾರ್ಕನ ಶುಭಸಂದೇಶ ಚಿಕ್ಕದಾದ್ದರಿಂದ ‘ಬಿ’ ವರ್ಷದ ನಡುವೆ ಐದು ಭಾನುವಾರ ಯೊವಾನ್ನನ ಆರನೆಯ ಅಧ್ಯಾಯವೇ ನಡೆಯುತ್ತದೆ.

ಈಗ ಯಾವ ವರ್ಷ ನಡೆಯುತ್ತಿದೆ ಎಂದು ತಿಳಿಯಲು ಇಸವಿಯನ್ನು ಮೂರರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ‘ಸಿ’, ಒಂದು ಉಳಿದರೆ ‘ಎ’, ಎರಡು ಉಳಿದರೆ ‘ಬಿ’. ಆ ಲೆಕ್ಕದಲ್ಲಿ 2025 ‘ಸಿ’, 2026 ‘ಎ’. ಪೂಜಾವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದೊಂದಿಗೆ. ಆದ್ದರಿಂದ ಡಿಸೆಂಬರ್‌ನಲ್ಲಿ ಲೆಕ್ಕ ಹಾಕುವವರು ಮುಂದಿನ ಇಸವಿಯನ್ನು ಹಿಡಿಯಬೇಕು. ಲೆಕ್ಕ ಬೇಡವೆನ್ನುವವರು ಚರ್ಚಿನ ಕ್ಯಾಲೆಂಡರ್ ನೋಡಿದರೆ ಸಾಕು.

ಮೊದಲು ಶುಭಸಂದೇಶ, ಆಮೇಲೆ ಹಿಂದಕ್ಕೆ

ಚರ್ಚಿನಲ್ಲಿ ಓದುವ ಕ್ರಮದಲ್ಲೇ (ಮೊದಲನೆಯ ವಾಚನ, ಕೀರ್ತನೆ, ಎರಡನೆಯ ವಾಚನ, ಕೊನೆಗೆ ಶುಭಸಂದೇಶ) ಮನೆಯಲ್ಲೂ ಓದಲು ಹೋಗಿ ನಾವು ಬಹಳ ದಿನ ಕಷ್ಟಪಟ್ಟೆವು. ಇಂಥ ವಿಶೇಷ ಕಾಲಗಳಲ್ಲದ ಸಾಧಾರಣ ಕಾಲದ ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆಯ ಮೊದಲನೆಯ ವಾಚನವನ್ನು ಆರಿಸಿರುವುದೇ ಅಂದಿನ ಶುಭಸಂದೇಶಕ್ಕೆ ಜೋಡಿಯಾಗಿ. ಹೀಗಾಗಿ ಶುಭಸಂದೇಶವನ್ನು ಮೊದಲು ಓದಿಕೊಂಡರೆ ಇನ್ನೊಂದು ಏಕೆ ಬಂತೆಂದು ತಾನಾಗಿ ತಿಳಿಯುತ್ತದೆ. ಕೀರ್ತನೆ ಮೊದಲನೆಯ ವಾಚನಕ್ಕೆ ನಾವು ಕೊಡುವ ಉತ್ತರ. ಅದನ್ನು ಓದುವ ಬದಲು ಪಲ್ಲವಿಯನ್ನಾದರೂ ಹಾಡಿ.

ಗೊಂದಲ ಎಬ್ಬಿಸುವುದು ಎರಡನೆಯ ವಾಚನ. ಅದನ್ನೂ ಶುಭಸಂದೇಶಕ್ಕೆ ಗಂಟು ಹಾಕಲು ನನ್ನ ಗಂಡ ಪಟ್ಟ ಪಾಡು ಅಷ್ಟಿಷ್ಟಲ್ಲ. ನಿಜವೆಂದರೆ ಸಾಧಾರಣ ಕಾಲದಲ್ಲಿ ಅದು ಹೊಸ ಒಡಂಬಡಿಕೆಯ ಯಾವುದಾದರೊಂದು ಪತ್ರವನ್ನು ವಾರವಾರವೂ ಮುಂದುವರಿಸಿಕೊಂಡು ಹೋಗುತ್ತದೆ, ಉಳಿದೆರಡರ ಗೊಡವೆ ಅದಕ್ಕಿಲ್ಲ. ಅದನ್ನು ಧಾರಾವಾಹಿಯಂತೆ ಬೇರೆಯಾಗಿ ಓದಿ. ಹೊತ್ತಾಗಿದ್ದರೆ ಬಿಟ್ಟುಬಿಡಿ. ಪಾಸ್ಕ ಕಾಲದಲ್ಲಿ ಮಾತ್ರ ಮೊದಲನೆಯ ವಾಚನ ಹಳೆಯ ಒಡಂಬಡಿಕೆಯಿಂದಲ್ಲ, ಹೊಸ ಒಡಂಬಡಿಕೆಯ ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದಿಂದ ಬರುತ್ತದೆ.

ಕತ್ತರಿಸಿದ್ದನ್ನು ಜೋಡಿಸುವುದು

ಮನೆಯಲ್ಲಿ ಓದುವುದರ ನಿಜವಾದ ಲಾಭ ಇಲ್ಲಿದೆ. ‘ಸಿ’ ವರ್ಷದ 28ನೆಯ ಸಾಧಾರಣ ಭಾನುವಾರವನ್ನು ತೆಗೆದುಕೊಳ್ಳಿ. ಅದು ಕಳೆದ ಸಲ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಶುಭಸಂದೇಶ ಲೂಕ 17:11-19. ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ, ಯೇಸುವಿಗೆ ಕೃತಜ್ಞತೆ ಹೇಳಲು ಹಿಂದಿರುಗುವವನು ಸಮಾರ್ಯದವನೊಬ್ಬನೇ. ಮೊದಲನೆಯ ವಾಚನ ಅರಸುಗಳ ಎರಡನೆಯ ಗ್ರಂಥದ 5:14-17. ಅಲ್ಲಿ ಕುಷ್ಠ ಹಿಡಿದಿದ್ದ ಸಿರಿಯಾದ ದಂಡನಾಯಕ ನಾಮಾನ ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿ ಗುಣವಾಗುತ್ತಾನೆ. ಇಬ್ಬರೂ ಯೆಹೂದ್ಯರಿಗೆ ಹೊರಗಿನವರು, ಇಬ್ಬರೂ ತಿರುಗಿ ಬಂದವರು.

ಆದರೆ ಚರ್ಚಿನಲ್ಲಿ ಓದುವುದು ಆ ನಾಲ್ಕೇ ವಚನ. ಸೆರೆಯಾಗಿ ಬಂದ ಕೆಲಸದ ಹುಡುಗಿಯೊಬ್ಬಳು ಪ್ರವಾದಿಯ ಸುಳಿವು ಕೊಟ್ಟದ್ದು ಅದರಲ್ಲಿಲ್ಲ. ಆ ಪ್ರವಾದಿ ಎಲೀಷ ಹೊರಗೆ ಬಂದು ಮುಖ ಕೂಡ ತೋರಿಸದೆ ಆಳಿನ ಕೈಲಿ ‘ಹೋಗಿ ಸ್ನಾನ ಮಾಡು’ ಎಂದು ಹೇಳಿಸಿದಾಗ, ನಮ್ಮ ದಮಸ್ಕದ ಹೊಳೆಗಳೇನು ಕಡಿಮೆಯೇ ಎಂದು ನಾಮಾನ ಸಿಟ್ಟಿನಿಂದ ಹೊರಟುಬಿಟ್ಟದ್ದೂ ಇಲ್ಲ. ಪ್ರವಾದಿ ಬೇಡವೆಂದ ಕಾಣಿಕೆಯನ್ನು ಅವನ ಸೇವಕ ಗೇಹಜಿ ಸುಳ್ಳು ಹೇಳಿ ಇಸಿದುಕೊಂಡ ಕಥೆಯೂ ಇಲ್ಲ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವುದು ಇವನ್ನೇ. ಆದ್ದರಿಂದ ಹಳೆಯ ಒಡಂಬಡಿಕೆಯ ಕಥೆಯಾದರೆ ಇಡೀ ಅಧ್ಯಾಯವನ್ನೇ ಓದಿ. ಉಲ್ಲೇಖದ ಅಂಕಿಗಳ ನಡುವೆ ಅಲ್ಪವಿರಾಮ ಕಂಡರೆ ಒಂದಷ್ಟು ವಚನ ಬಿಟ್ಟಿದ್ದಾರೆ ಎಂದರ್ಥ. ಬಿಟ್ಟದ್ದೇನೆಂದು ಹುಡುಕುವ ಕೆಲಸವನ್ನು ಮಗಳಿಗೆ ವಹಿಸಿದ್ದೇವೆ.

ಒಬ್ಬರಿಗೆ ಒಂದು ಪ್ರಶ್ನೆ

ಓದಿಯಾದ ಮೇಲೆ ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆ ಕೇಳಬೇಕು. ‘ಇದರಿಂದ ನಾವು ಕಲಿಯುವ ನೀತಿ ಏನು?’ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಅವಕಾಶವಿಲ್ಲ. ಅದನ್ನು ಕೇಳಿದ ಕೂಡಲೇ ಮಕ್ಕಳು ಶಾಲೆಯ ಉತ್ತರ ಒಪ್ಪಿಸಿ ಏಳುತ್ತಾರೆ. ದೊಡ್ಡವರು ಪ್ರಬೋಧನೆಗೆ ಇಳಿದರೂ ಅದೇ ಗತಿ.

ಆ ಗುರುವಾರ ಆರು ವರ್ಷದ ಮಗ ಕೇಳಿದ್ದು: ‘ನಾಮಾನ ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು ಯಾಕೆ ಕೇಳಿದ?’ ಇನ್ನು ಮುಂದೆ ಇಸ್ರಯೇಲಿನ ದೇವರನ್ನೇ ಆರಾಧಿಸುತ್ತೇನೆ ಎಂದವನು ಆ ನೆಲವನ್ನೇ ಊರಿಗೆ ಒಯ್ಯಲು ಹೊರಟಿದ್ದ ಎಂದು ನಾನು ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಅತ್ತೆ ಎದ್ದು ಹೋಗಿ ಬಾಲ್ಕನಿಯ ದಾಸವಾಳದ ಕುಂಡ ತೋರಿಸಿದರು. ಗಿಡ ತವರಿನದು, ಬೇರಿಗೆ ಅಂಟಿಕೊಂಡಿದ್ದ ಮಣ್ಣನ್ನೂ ಕೊಡವದೆ ತಂದಿದ್ದರು. ‘ಹಾಗೆಯೇ ಕಣೋ’ ಎಂದರು. ಅವನಿಗೆ ಅಷ್ಟು ಸಾಕಾಯಿತು.

ಮಾವ ಮಾತ್ರ ಆ ಒಂಬತ್ತು ಮಂದಿಯ ಪರ ವಕೀಲಿಕೆಗೆ ನಿಂತರು. ‘ಯಾಜಕರಿಗೆ ಹೋಗಿ ತೋರಿಸಿಕೊಳ್ಳಿ ಎಂದವರು ಯೇಸುವೇ ಅಲ್ಲವೇ? ಹೇಳಿದಂತೆ ಹೋದದ್ದು ಅವರ ತಪ್ಪೇ?’ ಗಂಟೆ ಹತ್ತಾದರೂ ಇದು ತೀರ್ಮಾನವಾಗಲಿಲ್ಲ. ತೀರ್ಮಾನವಾಗದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇವೆ, ಭಾನುವಾರ ಗುರುಗಳು ಬಿಡುವಾಗಿ ಸಿಕ್ಕರೆ ಕೇಳುತ್ತೇವೆ.

ಪರೀಕ್ಷೆ, ಮದುವೆ, ನೆಂಟರು ಎಂದು ಕೆಲವು ಗುರುವಾರ ತಪ್ಪಿಹೋಗುತ್ತವೆ. ಬಾಕಿ ತೀರಿಸಲು ಮುಂದಿನ ವಾರ ಎರಡೆರಡು ಓದಬೇಡಿ, ಎರಡೂ ಕೆಡುತ್ತವೆ. ತಪ್ಪಿದ ವಾಚನ ಮೂರು ವರ್ಷಕ್ಕೆ ತಾನಾಗಿ ಮರಳಿ ಬರುತ್ತದೆ. ನಾಮಾನ ಮತ್ತೆ ಬರುವುದು 2028ರಲ್ಲಿ, ಆಗ ಮಗನಿಗೆ ಒಂಬತ್ತು ತುಂಬಿರುತ್ತದೆ.