ಮೊಡವೆಯ ಗುಳಿಗಳಿಗೆ ಸಬ್‌ಸಿಷನ್: ನನ್ನ ಅನುಭವ

ಮೊಡವೆ ವಾಸಿಯಾದ ಮೇಲೆ ಮುಖದಲ್ಲಿ ಉಳಿಯುವ ಗುರುತುಗಳಲ್ಲಿ ಬಣ್ಣದ ಕಲೆಗಳು ಬೇರೆ, ಗುಳಿಗಳು ಬೇರೆ. ಕಪ್ಪು ಅಥವಾ ಕೆಂಪು ಬಣ್ಣದ ಸಪಾಟಾದ ಕಲೆಗಳು, ಬಿಸಿಲಿನಿಂದ ಕಾಪಾಡಿಕೊಂಡರೆ, ತಿಂಗಳುಗಳು ಕಳೆದಂತೆ ಬಹುಮಟ್ಟಿಗೆ ತಾವಾಗಿಯೇ ಮಾಸುತ್ತವೆ. ತಗ್ಗುಬಿದ್ದ ಕಲೆ ಹಾಗೆ ಮಾಯುವುದಿಲ್ಲ. ಹಚ್ಚುವ ಮುಲಾಮು ಮುಖ್ಯವಾಗಿ ಹೊರಚರ್ಮದ ಮೇಲೆ ಕೆಲಸ ಮಾಡುತ್ತದೆ. ತಗ್ಗಿನ ಕಾರಣವಾದರೋ ಒಳಚರ್ಮದಲ್ಲಿ, ಕೆಲವೊಮ್ಮೆ ಅದಕ್ಕೂ ಕೆಳಗೆ ಇರುತ್ತದೆ. ಚರ್ಮವೈದ್ಯನಾಗಿ ಇಂಥ ಗುಳಿಗಳಿಗೆ ನಾನು ಹೆಚ್ಚಾಗಿ ಆಶ್ರಯಿಸಿರುವುದು ಸಬ್‌ಸಿಷನ್ ಎಂಬ ಸಣ್ಣ ಶಸ್ತ್ರಕ್ರಿಯೆಯನ್ನು. ಅದನ್ನು ನಾನು ಹೇಗೆ ಮಾಡುತ್ತೇನೆ, ಯಾರಿಗೆ ಮಾಡುವುದಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುಳಿ ಬೀಳುವ ಬಗೆಯನ್ನು ಹೇಳಬೇಕು. ಉರಿಯೂತ ಹೆಚ್ಚಾಗಿ ಆಳಕ್ಕೆ ಇಳಿದ ಮೊಡವೆ ತನ್ನ ಸುತ್ತಲಿನ ಕೊಲಾಜೆನ್ ಅನ್ನು, ಅಂದರೆ ಚರ್ಮಕ್ಕೆ ಬಲ ಕೊಡುವ ನಾರಿನಂಥ ಪ್ರೋಟೀನನ್ನು, ನಾಶಮಾಡುತ್ತದೆ. ಗಾಯ ಮಾಯುವಾಗ ನಷ್ಟವಾದಷ್ಟು ಕೊಲಾಜೆನ್ ಮತ್ತೆ ತುಂಬಿಕೊಳ್ಳದಿದ್ದರೆ ಅಲ್ಲಿ ತಗ್ಗು ಉಳಿಯುತ್ತದೆ. ಅದರ ಜೊತೆಗೆ ಮಾಯುವ ಪ್ರಕ್ರಿಯೆಯಲ್ಲೇ ಹುಟ್ಟಿದ ಗಟ್ಟಿಯಾದ ನಾರಿನ ಎಳೆಗಳು ಒಳಚರ್ಮವನ್ನು ಅದರ ಕೆಳಗಿನ ಪದರಕ್ಕೆ ಬಿಗಿದು ಹಿಡಿದಿರುತ್ತವೆ. ಹತ್ತಿಯ ಹಾಸಿಗೆಗೆ ಅಲ್ಲಲ್ಲಿ ಹಾಕಿದ ಬಿಗಿ ಹೊಲಿಗೆ ಬಟ್ಟೆಯನ್ನು ಕೆಳಗೆಳೆದು ಕುಳಿ ಮಾಡುವಂತೆಯೇ ಇದು. ಹಾಸಿಗೆಯ ಮೇಲ್ಬಟ್ಟೆಯನ್ನು ಎಷ್ಟು ಉಜ್ಜಿದರೂ ಆ ಕುಳಿ ಹೋಗುವುದಿಲ್ಲ, ಹೊಲಿಗೆಯನ್ನೇ ಕತ್ತರಿಸಬೇಕು. ಮೇಲಿನ ಚರ್ಮವನ್ನು ಕೊಯ್ಯದೆ, ಸೂಜಿ ತೂರುವಷ್ಟು ರಂಧ್ರದಿಂದಲೇ ಒಳಹೊಕ್ಕು ಆ ಎಳೆಗಳನ್ನು ಕತ್ತರಿಸುವುದೇ ಸಬ್‌ಸಿಷನ್. ಈ ಹೆಸರಿನಲ್ಲಿ ಈ ವಿಧಾನವನ್ನು 1995ರಲ್ಲಿ ವೈದ್ಯಲೋಕಕ್ಕೆ ವಿವರಿಸಿದವರು ಡೇವಿಡ್ ಒರೆಂಟ್ರೈಕ್ ಮತ್ತು ನಾರ್ಮನ್ ಒರೆಂಟ್ರೈಕ್. ಅದಾದ ಮೇಲೆ ಲೇಸರ್‌ಗಳು ಎಷ್ಟೋ ಬಂದವು. ಆದರೂ ಕೆಳಗಿನಿಂದ ಬಿಗಿದು ಹಿಡಿದ ಗುಳಿಗೆ ಇಷ್ಟು ನೇರವಾಗಿ ಕಾರಣಕ್ಕೇ ಕೈಹಾಕುವ ಚಿಕಿತ್ಸೆ ಇನ್ನೊಂದಿಲ್ಲವೆಂದು ನನಗೆ ಅನಿಸುತ್ತದೆ.

ಇಡೀ ಚಿಕಿತ್ಸೆಯ ಅರ್ಧ ಭಾಗ ಸೂಜಿ ಹಿಡಿಯುವ ಮೊದಲೇ, ಪರೀಕ್ಷೆಯಲ್ಲೇ ಮುಗಿಯುತ್ತದೆ. ರೋಗಿಯನ್ನು ನೆಟ್ಟಗೆ ಕೂರಿಸಿ, ಕೋಣೆಯ ದೊಡ್ಡ ದೀಪಗಳನ್ನು ಆರಿಸಿ, ಒಂದೇ ದೀಪವನ್ನು ಮುಖದ ಪಕ್ಕದಿಂದ ಓರೆಯಾಗಿ ಬೀಳುವಂತೆ ಹಿಡಿಯುತ್ತೇನೆ. ಎದುರಿನ ಬೆಳಕಿನಲ್ಲಿ ಕಾಣದ ಗುಳಿಗಳೆಲ್ಲ ಓರೆ ಬೆಳಕಿನಲ್ಲಿ ನೆರಳಾಗಿ ಎದ್ದು ಕಾಣುತ್ತವೆ. ಮೊಡವೆಯ ಗುಳಿಗಳನ್ನು ಆಕಾರದ ಮೇಲೆ ಮೂರು ಬಗೆಯಾಗಿ ನೋಡುವ ರೂಢಿ 2001ರಿಂದ ಬಳಕೆಯಲ್ಲಿದೆ. ಐಸ್‌ಪಿಕ್ ಎಂಬುದು 2 ಮಿಲಿಮೀಟರ್‌ಗಿಂತ ಕಿರಿದಾದ ಬಾಯಿಯ, ಆಳಕ್ಕೆ ಚೂಪಾಗಿ ಇಳಿದ ರಂಧ್ರ. ಬಾಕ್ಸ್‌ಕಾರ್ ಎಂಬುದು ಅಂಚು ಕಡಿದಾಗಿ, ತಳ ಸಮತಟ್ಟಾಗಿರುವ ಗುಳಿ. ರೋಲಿಂಗ್ ಎಂಬುದು ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಅಥವಾ ಅದಕ್ಕೂ ಅಗಲವಾದ, ಅಂಚು ಎಲ್ಲಿ ಶುರುವಾಯಿತೆಂದು ತಿಳಿಯದಂತೆ ಏರಿಳಿಯುವ ತಗ್ಗು. ಸಬ್‌ಸಿಷನ್ ಮುಖ್ಯವಾಗಿ ಈ ರೋಲಿಂಗ್ ಬಗೆಗೆ ಹೇಳಿಮಾಡಿಸಿದ್ದು. ತಳ ಬಿಗಿದಿರುವ ಕೆಲವು ಬಾಕ್ಸ್‌ಕಾರ್ ಗುಳಿಗಳಿಗೂ ಉಪಯೋಗಕ್ಕೆ ಬರುತ್ತದೆ. ಬರೀ ಐಸ್‌ಪಿಕ್ ಇರುವ ಮುಖಕ್ಕೆ ಇದನ್ನು ಮಾಡಿದರೆ ರೋಗಿಗೆ ಬಾವು ಬರುತ್ತದೆ, ಗುಣ ಕಾಣುವುದಿಲ್ಲ.

ಆದರೆ ಕಣ್ಣಿನ ನಿರ್ಣಯವೊಂದೇ ಸಾಲದು, ಮುಟ್ಟಿಯೂ ನೋಡಬೇಕು. ಎರಡು ಬೆರಳುಗಳಿಂದ ಗುಳಿಯ ಎರಡೂ ಬದಿಯ ಚರ್ಮವನ್ನು ಹಿಗ್ಗಿಸಿದಾಗ ತಗ್ಗು ಎಷ್ಟು ಮಟ್ಟಸವಾಗುತ್ತದೆ ಎಂಬುದನ್ನು ಮೊದಲು ನೋಡುತ್ತೇನೆ. ಮೊಡವೆ ಕಲೆಗಳ ತೀವ್ರತೆಯನ್ನು ಅಳೆಯಲು 2006ರಲ್ಲಿ ಬಂದ ಗುಡ್‌ಮನ್ ಮತ್ತು ಬ್ಯಾರನ್ ಶ್ರೇಣಿಯೂ ಇದನ್ನೇ ಆಧಾರವಾಗಿ ಇಟ್ಟುಕೊಂಡಿದೆ: 50 ಸೆಂಟಿಮೀಟರ್ ದೂರದಿಂದ ಕಾಣುವ, ಆದರೆ ಹಿಗ್ಗಿಸಿದರೆ ಮಟ್ಟಸವಾಗುವ ಗುಳಿಗಳು ಮೂರನೆಯ ದರ್ಜೆಗೆ, ಹಿಗ್ಗಿಸಿದರೂ ಮಟ್ಟಸವಾಗದವು ನಾಲ್ಕನೆಯ ದರ್ಜೆಗೆ ಸೇರುತ್ತವೆ. ಆಮೇಲೆ ಅದೇ ಚರ್ಮವನ್ನು ಹಿಡಿದು ಮೇಲಕ್ಕೆ ಎತ್ತುತ್ತೇನೆ. ಸುತ್ತಲಿನ ಚರ್ಮ ಎದ್ದು, ನಡುವಿನ ಜಾಗ ಮಾತ್ರ ಮೇಲೇಳದೆ ಇನ್ನಷ್ಟು ಒಳಗೆ ಸೆಳೆದುಕೊಂಡರೆ ಅಲ್ಲಿ ಎಳೆ ಇದೆ ಎಂದರ್ಥ. ನಗಲು ಹೇಳಿದಾಗಲೂ ಕೆನ್ನೆಯ ಇಂಥ ಗುಳಿಗಳು ಆಳವಾಗುತ್ತವೆ. ಈ ಪರೀಕ್ಷೆಯಲ್ಲಿ ಸೆಳೆತ ಕಾಣದ ಗುಳಿಗೆ ನಾನು ಸೂಜಿ ಹಾಕುವುದಿಲ್ಲ.

ಮುಖದಲ್ಲಿ ಇನ್ನೂ ಕೀವಿನ ಮೊಡವೆಗಳು ಏಳುತ್ತಿದ್ದರೆ ಅವನ್ನು ಹತೋಟಿಗೆ ತರುವುದೇ ಮೊದಲ ಕೆಲಸ. ಇಲ್ಲವಾದರೆ ಒಂದು ಕಡೆ ಹಳೆಯ ಗುಳಿಯನ್ನು ಎತ್ತುತ್ತಿರುವಾಗ ಇನ್ನೊಂದು ಕಡೆ ಹೊಸದು ಬೀಳುತ್ತಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್, ಮೀನೆಣ್ಣೆಯ ಕ್ಯಾಪ್ಸೂಲ್ ಇವುಗಳ ಬಗ್ಗೆ ಒಂದೊಂದನ್ನೇ ಹೆಸರು ಹಿಡಿದು ಕೇಳುತ್ತೇನೆ, ಏಕೆಂದರೆ ಬಹಳ ಮಂದಿ ಮೀನೆಣ್ಣೆಯನ್ನು ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೃದಯಕ್ಕಾಗಿ ಬರೆದುಕೊಟ್ಟ ಮಾತ್ರೆಯನ್ನು, ಅದನ್ನು ಬರೆದ ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಬಾರದು. ಗಾಯವಾದಲ್ಲೆಲ್ಲ ಉಬ್ಬು ಕಲೆ ಬೆಳೆಯುವ ಕೆಲಾಯ್ಡ್ ಪ್ರವೃತ್ತಿ, ರಕ್ತಸ್ರಾವದ ಕಾಯಿಲೆ, ಮುಖದ ಮೇಲೆ ಆಗಿರುವ ಸೋಂಕು ಇದ್ದರೆ ಮುಂದುವರಿಯುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲು ನಡೆಯುವ ಮಾತುಕತೆಗೆ ನಾನು ಧಾರಾಳವಾಗಿ ಸಮಯ ಕೊಡುತ್ತೇನೆ. “ಡಾಕ್ಟ್ರೇ, ಇದಾದ ಮೇಲೆ ಮುಖ ಮೊದಲಿನ ಹಾಗೇ ಆಗುತ್ತಾ?” ಎಂದು ಒಬ್ಬ ಯುವತಿ ಕೇಳಿದ್ದರು. ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಅದು. “ಮೊದಲಿನ ಹಾಗೆ ಆಗುವುದಿಲ್ಲಮ್ಮ. ಈ ಗುಳಿಗಳ ಆಳ ಕಡಿಮೆಯಾಗುತ್ತದೆ, ಆಳ ಕಡಿಮೆಯಾದಷ್ಟೂ ನೆರಳು ಕಡಿಮೆಯಾಗುತ್ತದೆ. ಎದುರಿಗಿದ್ದವರ ಕಣ್ಣಿಗೆ ಬೀಳುವುದು ಆ ನೆರಳೇ” ಎಂದು ಹೇಳಿ, ಕೈಗನ್ನಡಿ ಕೊಟ್ಟು, ದೀಪವನ್ನು ಎದುರಿನಿಂದ ಪಕ್ಕಕ್ಕೆ, ಪಕ್ಕದಿಂದ ಎದುರಿಗೆ ಸರಿಸಿ ತೋರಿಸಿದೆ. ತಮ್ಮದೇ ಮುಖದಲ್ಲಿ ಆ ವ್ಯತ್ಯಾಸವನ್ನು ಕಂಡ ಮೇಲೆ ಅವರು ಕೇಳಿದ ಪ್ರಶ್ನೆಗಳೇ ಬೇರೆಯಾದವು: ಎಷ್ಟು ಸಲ ಬರಬೇಕು, ಬಾವು ಎಷ್ಟು ದಿನ ಇರುತ್ತದೆ, ಕೆಲಸಕ್ಕೆ ಯಾವಾಗ ಹೋಗಬಹುದು. ಚಿಕಿತ್ಸೆಗೆ ಮನಸ್ಸು ಸಿದ್ಧವಾಗಿದೆ ಎಂಬುದನ್ನು ನಾನು ಇಂಥ ಪ್ರಶ್ನೆಗಳಿಂದಲೇ ತಿಳಿಯುತ್ತೇನೆ. ಒಂದೇ ಸಲಕ್ಕೆ ಮುಖ ನುಣುಪಾಗಬೇಕೆಂದು ಹಟ ಹಿಡಿದವರಿಗೆ ಆ ದಿನ ಏನನ್ನೂ ಮಾಡದೆ ಕಳುಹಿಸುವುದೇ ಲೇಸು.

ಗುರುತು ಹಾಕುವ ಕೆಲಸವನ್ನು ರೋಗಿ ಕುಳಿತಿರುವಾಗಲೇ ಮುಗಿಸಬೇಕು. ಮಲಗಿದೊಡನೆ ಕೆನ್ನೆಯ ಚರ್ಮ ಕಿವಿಯ ಕಡೆಗೆ ಸರಿದು ಗುಳಿಗಳ ಆಕಾರ ಬದಲಾಗುತ್ತದೆ, ಕೆಲವು ಮರೆಯಾಗಿಯೇ ಬಿಡುತ್ತವೆ. ಅರಿವಳಿಕೆಯ ದ್ರವ ತುಂಬಿದ ಮೇಲಂತೂ ಎಲ್ಲವೂ ಉಬ್ಬಿ ಒಂದೂ ಕಾಣದು. ಆದ್ದರಿಂದ ಓರೆ ಬೆಳಕಿನಲ್ಲಿ ಪ್ರತಿ ಗುಳಿಯ ಸುತ್ತ ಗೆರೆ ಎಳೆದು, ಫೋಟೊ ತೆಗೆದ ಮೇಲೆಯೇ ಮಲಗಿಸುತ್ತೇನೆ. ಫೋಟೊಗೆ ಪ್ರತಿ ಸಲವೂ ಅದೇ ದೀಪ, ಅದೇ ಕೋನ, ಅದೇ ದೂರ ಇರಬೇಕು. ಬೆಳಕು ಬದಲಾದ ಎರಡು ಫೋಟೊಗಳನ್ನು ಪಕ್ಕಪಕ್ಕದಲ್ಲಿಟ್ಟು ಗುಣವಾಗಿದೆ ಎಂದು ತೋರಿಸುವುದು ರೋಗಿಗೆ ಮಾಡುವ ಅನ್ಯಾಯ.

ಜಾಗವನ್ನು ಮರಗಟ್ಟಿಸಲು ರಕ್ತನಾಳಗಳನ್ನು ಸಂಕುಚಿಸುವ ಅಡ್ರಿನಲಿನ್ ಬೆರೆತ ಲಿಗ್ನೋಕೇನ್ ಎಂಬ ಅರಿವಳಿಕೆಯನ್ನು ಬಳಸುತ್ತೇನೆ. ಇದರ ಗರಿಷ್ಠ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ. ಶೇಕಡಾ 1ರ ದ್ರಾವಣದ ಒಂದು ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ ಇರುವುದರಿಂದ 50 ಕಿಲೋ ತೂಕದವರಿಗೆ 35 ಮಿಲಿಲೀಟರ್ ಮೀರುವಂತಿಲ್ಲ. ಎರಡೂ ಕೆನ್ನೆಗಳಿಗೆ ಒಟ್ಟಿಗೆ ಮಾಡುವಾಗ ಈ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಂಡು, ದ್ರಾವಣವನ್ನು ಇನ್ನಷ್ಟು ತೆಳುಮಾಡಿ ತುಂಬುತ್ತೇನೆ. ಚರ್ಮ ಬಿಳಿಚಿಕೊಳ್ಳುವವರೆಗೆ, ಅಂದರೆ ಸುಮಾರು ಹತ್ತು ಹದಿನೈದು ನಿಮಿಷ, ಸುಮ್ಮನೆ ಕಾಯುವುದು ಅಗತ್ಯ. ಬಿಳಿಚುವಿಕೆ ಎಂದರೆ ರಕ್ತನಾಳಗಳು ಸಂಕುಚಿಸಿವೆ ಎಂಬ ಗುರುತು. ಕಾಯದೆ ಈ ಸಮಯವನ್ನು ಉಳಿಸಹೊರಟರೆ ರಕ್ತಸ್ರಾವ ಅನಗತ್ಯವಾಗಿ ಹೆಚ್ಚುತ್ತದೆ. ದ್ರವ ತುಂಬಿದ್ದರಿಂದ ಪದರಗಳು ಒಂದರಿಂದೊಂದು ದೂರ ಸರಿದು ಸೂಜಿಗೆ ಸುರಕ್ಷಿತವಾದ ಜಾಗವೂ ಸಿಗುತ್ತದೆ.

ಉಪಕರಣದ ವಿಷಯದಲ್ಲಿ ಎರಡು ದಾರಿಗಳಿವೆ. ತುದಿಯಲ್ಲಿ ಪುಟ್ಟ ಚಾಕುವಿನಂಥ ಅಲಗಿರುವ 18 ಗೇಜ್‌ನ ನೋಕೋರ್ ಸೂಜಿ ಒಂದು; ತುದಿ ಮೊಂಡಾದ ತೆಳು ಕೊಳವೆ, ಅಂದರೆ ಕ್ಯಾನುಲಾ, ಇನ್ನೊಂದು. ಕೆನ್ನೆಯ ಅಗಲವಾದ ಜಾಗಕ್ಕೆ ನಾನು ಈಗ ಕ್ಯಾನುಲಾವನ್ನೇ ಹೆಚ್ಚು ಬಳಸುತ್ತೇನೆ, ಏಕೆಂದರೆ ಒಂದೇ ರಂಧ್ರದಿಂದ ದೊಡ್ಡ ಪ್ರದೇಶವನ್ನು ತಲುಪಬಹುದು, ರಕ್ತನಾಳಗಳಿಗೆ ಪೆಟ್ಟು ಕಡಿಮೆ, ನೀಲಿಗಟ್ಟುವುದೂ ಕಡಿಮೆ. ಕ್ಯಾನುಲಾಕ್ಕೆ ಬಗ್ಗದ ಗಟ್ಟಿ ಎಳೆಗೆ ಮಾತ್ರ ಅಲಗಿನ ಸೂಜಿಯನ್ನು ಕೈಗೆತ್ತಿಕೊಳ್ಳುತ್ತೇನೆ.

ಗುಳಿಯ ಅಂಚಿನಿಂದ ಸ್ವಲ್ಪ ದೂರದಲ್ಲಿ ಒಳಹೊಕ್ಕು, ಅಲಗನ್ನು ಚರ್ಮಕ್ಕೆ ಸಮಾನಾಂತರವಾಗಿ ಇಟ್ಟುಕೊಂಡು, ಒಳಚರ್ಮ ಮುಗಿದು ಕೊಬ್ಬು ಶುರುವಾಗುವ ಮಟ್ಟದಲ್ಲಿ ಮುಂದೆ ಸಾಗುತ್ತೇನೆ. ಎಡಗೈ ಚರ್ಮವನ್ನು ಹಿಡಿದೆತ್ತಿರುತ್ತದೆ. ಸೂಜಿಯ ತುದಿ ಎಲ್ಲಿದೆ ಎಂಬುದನ್ನು ಹೇಳುವುದು ಆ ಎಡಗೈಯ ಬೆರಳುಗಳೇ. ಮೊದಲು ಹಿಂದಕ್ಕೂ ಮುಂದಕ್ಕೂ, ಆಮೇಲೆ ಬೀಸಣಿಗೆಯ ಗರಿಗಳಂತೆ ಒಂದೊಂದು ದಿಕ್ಕಿಗೂ ಸರಿಸುತ್ತ ಹೋಗಬೇಕು. ಎಳೆ ಇದ್ದಲ್ಲಿ ಸೂಜಿ ತಡೆಯುತ್ತದೆ, ಕತ್ತರಿಸಿದಾಗ ಕರಕರ ಎಂಬ ಸದ್ದು ಬರುತ್ತದೆ. ನೋವಿಲ್ಲದಿದ್ದರೂ ಈ ಸದ್ದು ರೋಗಿಗೆ ಕಿವಿಯ ಹತ್ತಿರವೇ ಕೇಳಿಸಿ ಗಾಬರಿಯಾಗುವುದರಿಂದ, ಅದು ಬರುತ್ತದೆಂದು ಮೊದಲೇ ತಿಳಿಸಿರುತ್ತೇನೆ. ಸದ್ದು ನಿಂತು, ತಡೆಯಿಲ್ಲದೆ ಸೂಜಿ ಆಡತೊಡಗಿದ ಮೇಲೆ ಅದರ ತುದಿಯಿಂದ ಚರ್ಮವನ್ನು ಮೆಲ್ಲಗೆ ಎತ್ತಿ ನೋಡುತ್ತೇನೆ. ಗುಳಿಯ ನಡುಭಾಗವೂ ಸುತ್ತಲಿನ ಚರ್ಮದೊಂದಿಗೆ ಸಮನಾಗಿ ಎದ್ದರೆ ಅಲ್ಲಿನ ಕೆಲಸ ಮುಗಿಯಿತು. ಅದಕ್ಕಿಂತ ಹೆಚ್ಚು ಕತ್ತರಿಸುವುದರಿಂದ ಲಾಭವಿಲ್ಲ.

ಮುಖದಲ್ಲಿ ಕೈ ತಡೆದು ಹೋಗಬೇಕಾದ ಜಾಗಗಳಿವೆ. ಹಣೆಯ ಬದಿಯಲ್ಲಿ, ಕಣ್ಣು ಮತ್ತು ಕಿವಿಯ ನಡುವಿನ ಜಾಗದಲ್ಲಿ, ಹುಬ್ಬನ್ನು ಎತ್ತಿಸುವ ನರದ ಕವಲು ಚರ್ಮಕ್ಕೆ ಸಮೀಪದಲ್ಲೇ ಹಾಯುತ್ತದೆ. ದವಡೆಯ ಅಂಚಿನಲ್ಲಿ ಕೆಳತುಟಿಯನ್ನು ಆಡಿಸುವ ನರವಿದೆ, ಅಗಿಯುವ ಸ್ನಾಯುವಿನ ಮುಂಬದಿಯಲ್ಲಿ ಮುಖದ ಮುಖ್ಯ ಅಪಧಮನಿ ದವಡೆಯನ್ನು ದಾಟಿ ಮೇಲೇರುತ್ತದೆ. ಈ ಜಾಗಗಳಲ್ಲಿ ನಾನು ಅಲಗಿನ ಸೂಜಿಯನ್ನು ಬಳಸುವುದಿಲ್ಲ, ಮೇಲಿನ ಪದರವನ್ನು ಬಿಟ್ಟು ಆಳಕ್ಕೂ ಇಳಿಯುವುದಿಲ್ಲ. ಸೂಜಿಯಷ್ಟೇ ತಾನೆ ಎಂದು ಅಂಗರಚನೆಯ ತರಬೇತಿಯಿಲ್ಲದವರು ಇದಕ್ಕೆ ಕೈಹಾಕುವುದನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಗುತ್ತದೆ.

ಎಳೆ ಕತ್ತರಿಸಿದ ಜಾಗದಲ್ಲಿ ಸ್ವಲ್ಪ ರಕ್ತ ತುಂಬಿಕೊಂಡು ಹೆಪ್ಪುಗಟ್ಟುತ್ತದೆ, ಅದು ಬೇಕಾದದ್ದೇ. ಕತ್ತರಿಸಿದ ಪದರಗಳು ಮತ್ತೆ ಕೂಡಿಕೊಳ್ಳದಂತೆ ಆ ಹೆಪ್ಪು ತಡೆಯುತ್ತದೆ, ಮಾಯುವಾಗ ಅಲ್ಲಿ ಹೊಸ ಕೊಲಾಜೆನ್ ಬೆಳೆಯುತ್ತದೆ. ಆದರೆ ಹೆಪ್ಪು ದೊಡ್ಡದಾದರೆ ಗಂಟಾಗಿ ಉಳಿಯಬಹುದು. ಹೀಗಾಗಿ ಪ್ರತಿ ಜಾಗವನ್ನೂ ಐದರಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ಆಮೇಲೆ ಬಟ್ಟೆ ಸುತ್ತಿದ ಐಸ್ ಇಡಬೇಕು.

ಬಾವು ಮೊದಲ ಎರಡು ಮೂರು ದಿನ ಎದ್ದು ಕಾಣುತ್ತದೆ, ಬೆಳಿಗ್ಗೆ ಏಳುವಾಗ ಕಣ್ಣಿನ ಕೆಳಗೂ ಇಳಿದಿರುತ್ತದೆ. ನೀಲಿಗಟ್ಟಿದ್ದು ಹಸಿರಾಗಿ, ಹಳದಿಯಾಗಿ ಮಾಯವಾಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೂರನೆಯ ದಿನದಿಂದ ಗುಳಿಯ ಮೇಲೆ ಸಣ್ಣ ಕಪ್ ಇಟ್ಟು ಹಗುರವಾಗಿ ಹೀರುವ ಸಕ್ಷನ್ ಕ್ರಮವನ್ನು ಕೆಲವರಿಗೆ ಎರಡು ವಾರಗಳ ತನಕ ಮಾಡಿಸುತ್ತೇನೆ. ಬಿಡಿಸಿದ ಚರ್ಮ ಮತ್ತೆ ತಳಕ್ಕೆ ಅಂಟಿಕೊಳ್ಳುವುದನ್ನು ತಡೆಯುವುದು ಇದರ ಉದ್ದೇಶ. ಕೈಗೆ ಸಿಗುವ ಗಂಟುಗಳು ಹೆಚ್ಚಿನವು ವಾರಗಳಲ್ಲಿ ಕರಗುತ್ತವೆ, ಕರಗದೆ ಉಳಿದುದಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ ಚುಚ್ಚಬೇಕಾಗಬಹುದು. ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಲೇಸರ್‌ನ ನಂತರ ಕಪ್ಪುಗಟ್ಟುವ ಭಯ ಹೆಚ್ಚು. ಸಬ್‌ಸಿಷನ್‌ನಲ್ಲಿ ಹೊರಚರ್ಮಕ್ಕೆ ಪೆಟ್ಟು ಬೀಳುವುದು ಸೂಜಿ ಹೊಕ್ಕ ಜಾಗದಲ್ಲಿ ಮಾತ್ರವಾದ್ದರಿಂದ ಆ ಭಯ ಬಹಳ ಕಡಿಮೆ. ಹಾಗೆಂದು ಬಿಸಿಲುತಡೆ ಕ್ರೀಮನ್ನು ಬಿಡುವಂತಿಲ್ಲ.

ಬಾವು ಇಳಿದ ಮೇಲೆ ಕೆಲವರು ಬೇಸರದಿಂದ ಬರುತ್ತಾರೆ. ಮೊದಲ ವಾರ ಮುಖ ತುಂಬಿಕೊಂಡಿತ್ತು, ಈಗ ಮತ್ತೆ ಗುಳಿ ಕಾಣುತ್ತಿದೆ ಎನ್ನುತ್ತಾರೆ. ಮೊದಲ ವಾರ ತುಂಬಿದ್ದು ನೀರು ಮತ್ತು ರಕ್ತ. ಕೊಲಾಜೆನ್ ಹುಟ್ಟಿ ಹದಗೊಳ್ಳಲು ತಿಂಗಳುಗಳೇ ಬೇಕು. ಹೀಗಾಗಿ ಫೋಟೊದ ಹೋಲಿಕೆಯನ್ನು ನಾನು ಮೂರು ತಿಂಗಳಿಗೆ ಮೊದಲು ಮಾಡುವುದಿಲ್ಲ. ಅದೇ ಓರೆ ಬೆಳಕಿನಲ್ಲಿ ಕೂರಿಸಿ, ಮತ್ತೆ ಚರ್ಮವನ್ನು ಹಿಡಿದೆತ್ತಿ ನೋಡಿದಾಗ ಸೆಳೆತ ಇನ್ನೂ ಉಳಿದಿದ್ದರೆ ಎರಡನೆಯ ಸಲ ಸಬ್‌ಸಿಷನ್ ಮಾಡುತ್ತೇನೆ. ಸೆಳೆತ ಹೋಗಿದ್ದು ತಗ್ಗು ಮಾತ್ರ ಉಳಿದಿದ್ದರೆ ಮತ್ತೆ ಕತ್ತರಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಅಂಥ ಕಡೆ ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಮೈಕ್ರೋನೀಡ್ಲಿಂಗ್ ಅಥವಾ ಚುಕ್ಕಿಚುಕ್ಕಿಯಾಗಿ ಹಾಯಿಸುವ ಫ್ರ್ಯಾಕ್ಷನಲ್ ಲೇಸರ್, ಕೆಲವರಲ್ಲಿ ತಗ್ಗನ್ನು ತುಂಬಲು ಚುಚ್ಚುವ ಹಯಲುರಾನಿಕ್ ಆಮ್ಲದ ಫಿಲ್ಲರ್. ಐಸ್‌ಪಿಕ್ ರಂಧ್ರಗಳು ಬೆರೆತಿದ್ದರೆ ಟಿಸಿಎ (ಟ್ರೈಕ್ಲೋರೋಅಸಿಟಿಕ್) ಆಮ್ಲವನ್ನು ಆ ರಂಧ್ರದೊಳಕ್ಕೆ ಮಾತ್ರ ಇಳಿಸುವ ಕ್ರಾಸ್ ವಿಧಾನ. ಅಂಚು ಕಡಿದಾದ ಆಳದ ಗುಳಿಗೆ ಪಂಚ್ ಎಂಬ ದುಂಡು ಅಲಗಿನ ಉಪಕರಣ ಹಾಕಿ ತೆಗೆಯುವುದು ಅಥವಾ ಎತ್ತುವುದು. ಒಂದೇ ಕೆನ್ನೆಯಲ್ಲಿ ಮೂರೂ ಬಗೆಯ ಗುಳಿಗಳು ಇರುವುದೇ ಹೆಚ್ಚಾದ್ದರಿಂದ ಇವುಗಳಲ್ಲಿ ಎರಡಾದರೂ ಬೇಕಾಗುತ್ತವೆ. ಕ್ರಮದಲ್ಲಿ ಮಾತ್ರ ನಾನು ಸಬ್‌ಸಿಷನ್ ಅನ್ನು ಮೊದಲಿಗೆ ಇಡುತ್ತೇನೆ. ತಳದ ಬಿಗಿತ ಹಾಗೆಯೇ ಇರುವಾಗ ಮೇಲಿನಿಂದ ಮಾಡಿದ ಚಿಕಿತ್ಸೆಯ ಫಲವನ್ನು ಆ ಎಳೆಗಳು ಮತ್ತೆ ಕೆಳಕ್ಕೇ ಸೆಳೆಯುತ್ತಿರುತ್ತವೆ.