ಕೆಂಪು ನೀರು ತಿಳಿ ಮಾಡೋದು ಹೆಂಗ? ಮೂರು ಗ್ಲಾಸು, ಒಂದಿಷ್ಟು ಮಸಿ

ಗೋವಾದಾಗ ವಾಸ್ಕೋ, ಮಡಗಾಂವ್ ಕಡೆ ಇರೋ ನಮ್ಮ ಮಂದಿಗೆ ಮಳಿಗಾಲದಾಗ ಕೆಂಪು ನೀರಿಗೇನು ಕಡಿಮಿ ಇಲ್ಲ, ಗುಡ್ಡದಿಂದ ಇಳಿದು ರಸ್ತೆ ತುಂಬ ಹರೀತಿರ್ತದ. ಒಂದು ಬಾಟ್ಲಿ ತುಂಬ್ಕೊಂಡು ಬಂದ್ರ ಕೊಲಾಯ್ಡ್ (ಕರಗದೆ, ತಳಕ್ಕೂ ಕೂಡದೆ ನೀರಾಗ ತೇಲಾಡೋ ಸಣ್ಣ ಕಣಗಳ ಮಿಶ್ರಣ) ಅಂದ್ರ ಏನಂತ ಮಕ್ಕಳಿಗೆ ಅಡಗಿ ಮನ್ಯಾಗೇ ತೋರಿಸಬಹುದು. ನಳದ ನೀರಾಗ ಮಣ್ಣು ಕಲಸಬ್ಯಾಡ್ರಿ, ಅದರಾಗ ಮೊದ್ಲೇ ಲವಣ ಇರ್ತಾವ, ಮಳಿ ನೀರೇ ಚಲೋ.

ಬಾಟ್ಲಿ ಅರ್ಧ ತಾಸು ಅಲ್ಲಾಡಿಸದಂಗ ಇಡ್ರಿ. ಉಸುಕು ತಳಕ್ಕ ಕೂಡ್ತದ, ಅದು ನಮಗ ಬ್ಯಾಡ. ಮ್ಯಾಲಿನ ಕೆಂಪು ನೀರಷ್ಟೇ ಮೂರು ಗ್ಲಾಸಿಗೆ ಬಗ್ಗಿಸ್ರಿ. ಮೊದಲನೇದಕ್ಕ ಏನೂ ಹಾಕಬ್ಯಾಡ್ರಿ, ಮರುದಿನಾನೂ ಅದು ರಾಡೀನೇ ಇರ್ತದ. ಯಾಕಂದ್ರ ಜೇಡಿ ಕಣ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು) ಇಲ್ಲಾ ಅದಕ್ಕೂ ಸಣ್ಣವು, ನೀರಿನ ಅಣು ಬಡದು ಬಡದು ಅವನ್ನ ಕೆಳಗ ಕೂಡಾಕ ಬಿಡಂಗಿಲ್ಲ, ಅದರ ಮ್ಯಾಲೆ ಕಣಗಳ ಮೈ ಮ್ಯಾಲೆ ಋಣ ಚಾರ್ಜ್, ಹತ್ರ ಬಂದ್ರ ಒಂದನ್ನೊಂದು ದೂಡ್ತಾವ. ಕಣಗಳ ನಡುವೆ ಸೆಳೆತಾನೂ ಅದ, ವಾನ್ ಡರ್ ವಾಲ್ಸ್ ಸೆಳೆತ ಅಂತ, ಆದ್ರ ಬಹಳ ಹತ್ರ ಬಂದಾಗಷ್ಟೇ ಅದರ ಕೈ ಮ್ಯಾಲಾಗೋದು. ಈ ಎರಡರ ಲೆಕ್ಕ ಕೂಡಿಸಿದ್ದು 1941ರಾಗ ಡೆರ್ಯಾಗಿನ್, ಲ್ಯಾಂಡೌ, ಆಮ್ಯಾಲೆ 1948ರಾಗ ವರ್ವೇ, ಓವರ್‌ಬೀಕ್. ಈ ನಾಲ್ಕು ವಿಜ್ಞಾನಿಗಳ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಕೂಡಿಸಿ ಇದಕ್ಕ ಡಿಎಲ್‌ವಿಓ ಥಿಯರಿ ಅಂತಾರ.

ಎರಡನೇ ಗ್ಲಾಸಿಗೆ ಒಂದು ಚಮಚ ಉಪ್ಪು ಹಾಕಿ ಕಲಸಿ ಬಿಡ್ರಿ. ಸ್ವಲ್ಪ ಹೊತ್ತಿಗೆ ಕೆಂಪು ಮೋಡದಂಗ ಗುಂಪುಗೂಡಿ ಇಳಿಯಾಕ ಶುರು. ಉಪ್ಪಿನಾಗಿನ ಸೋಡಿಯಂ ಧನ ಚಾರ್ಜಿಂದು, ಅದು ಕಣದ ಸುತ್ತ ನೆರೆದು ಋಣ ಚಾರ್ಜಿನ ದೂಡಾಟ ದೂರ ಮುಟ್ಟದಂಗ ಮಾಡ್ತದ. ಲೀಟರಿಗೆ 0.06 ಗ್ರಾಂ ಉಪ್ಪಿದ್ದಾಗ ದೂಡಾಟ ಸುಮಾರು 10 ನ್ಯಾನೋಮೀಟರ್ (ಮೈಕ್ರಾನಿನ ಸಾವಿರದಾಗ ಒಂದು ಪಾಲು ಅಂದ್ರ ಒಂದು ನ್ಯಾನೋಮೀಟರ್) ತನಕ ಮುಟ್ತದ, ಸಮುದ್ರದಷ್ಟು ಉಪ್ಪಾದ್ರ ಅರ್ಧ ನ್ಯಾನೋಮೀಟರ್‌ಗೂ ಕಡಿಮಿ, ಆಗ ಸೆಳೆತ ಗೆಲ್ತದ. ಗೋವಾದ ಮಾಂಡವಿ, ಜುವಾರಿ ಹೊಳಿ ಹೊತ್ತು ತಂದ ಜೇಡಿ ಉಪ್ಪುನೀರು ಕೂಡೋ ಕಡೆ ಗಟ್ಟಿ ಆಗಿ ಕೂಡೋದ್ರಾಗ ಇದರದೂ ಪಾಲದ.

ಮೂರನೇದಕ್ಕ ಪಟಕ, ಇಲ್ಲಿ ಅಂಗಡ್ಯಾಗ ತುರಟಿ ಅಂತ ಕೇಳ್ರಿ, ಬರೇ ಒಂದು ಚಿಟಿಕಿ. ಪಟಕದಾಗಿನ ಅಲ್ಯೂಮಿನಿಯಂದು ಮೂರು ಧನ ಚಾರ್ಜ್, ಉಪ್ಪಿನ ಸೋಡಿಯಂದು ಒಂದೇ; ಹಂಗಾಗಿ ಚಿಟಿಕೀನೇ ಚಮಚದ ಕೆಲಸ ಮಾಡ್ತದ. ಜಾಸ್ತಿ ಸುರುವಿದ್ರ ಕಣದ ಮೈಯೇ ಧನ ಆಗಿ ಮತ್ತ ದೂಡಾಟ ಹತ್ತಬಹುದು. ತಿಳಿ ಆತಂತ ಕುಡಿಯಾಕ ಹೋಗಬ್ಯಾಡ್ರಿ, ರೋಗಾಣು ಎಲ್ಲಾ ಹೋಗಿರಂಗಿಲ್ಲ.

ಈಗ ನನಗ ಭಾಳ ಸೇರೋ ಭಾಗ, ಪಾಲಿಮರ್, ಅಂದ್ರ ಸರಪಳಿಯಂಥ ಉದ್ದನ್ನ ಅಣು; ಕಣ ಗುಂಪುಗೂಡದಂಗ ಇದೂ ಕಾಯಬಹುದು. ದೀಪದ ಮ್ಯಾಲೆ ತಟ್ಟಿ ಹಿಡಿದು ಮಸಿ ಕೂಡಿಸ್ರಿ, ಅರ್ಧ ಬರೇ ನೀರಾಗ ಕಲಸ್ರಿ: ತೇಲ್ತದ, ಗಂಟಾಗ್ತದ, ಬೆರೆಯಂಗಿಲ್ಲ. ಉಳಿದ ಅರ್ಧಾನ ಅಂಟಿನುಂಡಿಗೆ ಹಾಕೋ ಅಂಟು (ಇಲ್ಲಿ ಡಿಂಕ್) ರಾತ್ರಿ ನೆನೆಸಿದ ನೀರಾಗ ಹಾಕಿ ಒಂದೇ ಸಮ ಅರೀರಿ, ಹಿಂದಕ ಶಾಯಿ ಮಾಡ್ತಿದ್ದದ್ದೇ ಹಿಂಗ. ಅಂಟಿನ ಉದ್ದನ್ನ ಅಣುವಿನ ಒಂದು ಭಾಗ ಮಸಿ ಕಣಕ್ಕ ಹತ್ತಿ ಉಳಿದದ್ದು ನೀರಾಗ ಚಾಚಿರ್ತದ, ಎರಡು ಕಣ ಹತ್ರ ಬಂದ್ರ ಈ ಬಾಲಗಳಿಗೆ ಜಾಗ ಸಾಲದೆ ದೂರ ಸರೀತಾವ. ಇದು ಬರೇ ಚಾರ್ಜಿನ ಮ್ಯಾಲೆ ನಿಂತದ್ದಲ್ಲ, ಅದಕ್ಕ ಒಂದು ಚಿಟಿಕಿ ಉಪ್ಪು ಹಾಕಿದ್ರೂ ಶಾಯಿ ಜಲ್ದಿ ಒಡಿಯಂಗಿಲ್ಲ.

ಆದ್ರ ಪಾಲಿಮರ್ ಯಾವಾಗ್ಲೂ ಕಾಯ್ತದ ಅಂತಿಲ್ಲ. ಪ್ರಮಾಣ ಕಡಿಮಿ ಬಿದ್ರ ಒಂದೇ ಅಣು ಎರಡು ಕಣಕ್ಕ ಹತ್ತಿ ಎಳಕೊಂಡು ಕೂಡ್ತದ, ನೀರು ಶುದ್ಧ ಮಾಡೋ ಪ್ಲಾಂಟ್‌ನಾಗ ಇದನ್ನೇ ಬೇಕಂತ ಮಾಡೋದು. ಕಣಕ್ಕ ಹತ್ತದೇ ಇರೋ ಪಾಲಿಮರ್ ಆದ್ರ ಮತ್ತೊಂದು ಕಥಿ: ಎರಡು ಕಣದ ನಡುವಿನ ಸಂದಿಗೆ ಅದು ಹಿಡಿಸಂಗಿಲ್ಲ, ಹೊರಗಿನ ಒತ್ತಡ ಆ ಎರಡನ್ನ ಕೂಡಿಸಿಬಿಡ್ತದ. ಜಪಾನಿನ ಅಸಾಕುರಾ, ಊಸಾವಾ 1954ರಾಗ ಇದನ್ನ ಲೆಕ್ಕ ಹಾಕಿದ್ರು. ಇದು ಮಾತ್ರ ಅಡಗಿ ಮನಿ ಗ್ಲಾಸಿನಾಗ ಬರಿಗಣ್ಣಿಗೆ ತೋರಿಸೋದು ಕಷ್ಟರಿ.